ಸಿಂಹಗಿರಿಯವರಿಗೆ ಕಹಿಯಾದ ನೀರು

ಮೋಡಗಳು ಬೆಟ್ಟದಿಂದ ಇಳಿದುಬಂದು ಕೆರೆಯಲ್ಲಿ ನೀರು ಕುಡಿದು ಮರಳುತ್ತಿದ್ದ ಬಲು ಹಿಂದಿನ ಕಾಲದಲ್ಲಿ ಸಿಂಹಗಿರಿಯೆಂಬ ರಾಜ್ಯವಿತ್ತು. ಅದರ ಕೋಟೆಯ ನೆರಳು ಬೆಳಗಿನ ಹೊತ್ತು ಪಡುವಣ ನಾಡುಗಳ ಮೇಲೂ ಸಂಜೆಯ ಹೊತ್ತು ಮೂಡಣ ನಾಡುಗಳ ಮೇಲೂ ಬೀಳುತ್ತಿತ್ತು. ಆ ರಾಜ್ಯವನ್ನು ವೀರಚೂಡನೆಂಬ ಅರಸನು ಆಳುತ್ತಿದ್ದನು. ಅವನಿಗೆ ಮಣಿರಥನೆಂಬ ಮಗ, ಇಂದುಲೇಖೆಯೆಂಬ ಮಗಳು. ತಾಯಿಯಿಲ್ಲದ ಆ ಮಕ್ಕಳನ್ನು ಸಾಕಿದವಳು ಜಕ್ಕವ್ವೆಯೆಂಬ ದಾದಿ. ಅವಳು ರಾಣಿಯ ಮದುವೆಯ ಕಾಲದಲ್ಲಿ ಕಡಲ ನಡುವಣ ಶಂಖದ್ವೀಪದಿಂದ ರಾಣಿಯ ಜೊತೆಯಲ್ಲಿ ಬಂದವಳು.

ಆಗ ಎಲ್ಲ ನಾಡುಗಳಲ್ಲಿಯೂ ಒಂದು ಪದ್ಧತಿಯಿತ್ತು. ಪರನಾಡಿನವರು ಊರಬಾಗಿಲಿಗೆ ಬಂದರೆ ಅವರ ಅಂಗೈಗೆ ಬೆಲ್ಲವನ್ನಿಟ್ಟು, “ಯಾವ ನಾಡಿನವರು?” ಎಂದು ಕೇಳಿ, ಉತ್ತರ ಬಂದ ಮೇಲೆ ನೀರು ಕೊಡುತ್ತಿದ್ದರು. ಸಿಂಹಗಿರಿಯವರು ಮಾತ್ರ ಆ ನೀರನ್ನು ಮುಟ್ಟುತ್ತಿರಲಿಲ್ಲ. ಎಲ್ಲಿಗೆ ಹೋದರೂ ತಮ್ಮ ನೀರನ್ನು ತಾವೇ ಬೆಳ್ಳಿಯ ಗಿಂಡಿಗಳಲ್ಲಿ ಒಯ್ಯುತ್ತಿದ್ದರು. ಏಕೆಂದರೆ ಪರನಾಡಿನ ನೀರು ಅವರ ನಾಲಿಗೆಗೆ ಬೇವಿಗಿಂತ ಕಹಿಯಾಗಿತ್ತು.

“ಪಾಪ, ಹುಟ್ಟಿದಂದಿನಿಂದ ಇದನ್ನೇ ಕುಡಿಯುತ್ತಾರೆ. ಅದಕ್ಕೇ ನಮ್ಮನ್ನು ಕಂಡರೆ ಮುಖ ಕಿವುಚುತ್ತಾರೆ” ಎಂದು ಸಿಂಹಗಿರಿಯ ದೂತರೂ ವರ್ತಕರೂ ಮನೆಗೆ ಮರಳಿ ಕನಿಕರದಿಂದ ಹೇಳುವರು. ಗಡಿಯಾಚೆಯ ನೀರೆಲ್ಲ ಕಹಿಯೆಂದು ಅವರ ಮಕ್ಕಳು ತೊಟ್ಟಿಲಲ್ಲಿಯೇ ಕಲಿಯುವರು.

ಅರಮನೆಯ ನಡುಸಾಲೆಯಲ್ಲಿ ಆನೆಯೆತ್ತರದ ಕನ್ನಡಿಯೊಂದಿತ್ತು. ಕುಹಕಾಕ್ಷನೆಂಬ ಮಾಂತ್ರಿಕನು ಅದರ ಒಡೆಯ. ಪ್ರತಿಯೊಂದು ನಾಡಿನ ಕೀರ್ತಿಯೂ ಒಬ್ಬ ಹೆಣ್ಣಾಗಿ ದಿಕ್ಕುದಿಕ್ಕಿಗೆ ನಡೆಯುತ್ತಿದ್ದ ಕಾಲವದು. ವೀರಚೂಡನು ದಿನವೂ ಮುಂಜಾನೆ ಕನ್ನಡಿಯ ಮುಂದೆ ನಿಂತರೆ, ಹಾಲಿನಂತೆ ಬಿಳುಪಾದ ಕೀರ್ತಿವನಿತೆ ಪರನಾಡುಗಳ ಬೀದಿಗಳಲ್ಲಿ ನಡೆಯುವುದೂ, ಅವಳ ಇಕ್ಕೆಲದಲ್ಲಿ ಜನರು ತಲೆ ಬಾಗುವುದೂ ಕಾಣುತ್ತಿತ್ತು.

“ನೋಡಿದಿರಾ ಪ್ರಭು, ಎಂಥ ಭಕ್ತಿ!” ಎನ್ನುವನು ಕುಹಕಾಕ್ಷ.

“ಎಂಥ ಭಕ್ತಿ!” ಎನ್ನುವನು ಅರಸ.

ಆ ಕನ್ನಡಿಯ ಗುಣವೇ ಅದು. ಅಂಜಿ ಬಾಗಿದ ತಲೆಯನ್ನು ಅದು ಒಲಿದು ಬಾಗಿದಂತೆ ತೋರಿಸುತ್ತಿತ್ತು. ಅದನ್ನು ಕಂಡು ಹಿಗ್ಗಿದ ಅರಸನು ಪರನಾಡುಗಳಲ್ಲಿ ತನ್ನ ಕಲ್ಲಿನ ಸಿಂಹಗಳನ್ನು ಕೂರಿಸಿದನು. ಅವು ಜೀವವಿದ್ದ ಕಲ್ಲಿನ ಸಿಂಹಗಳು.

ಹೀಗಿರಲು ಒಂದು ದಿನ ತೋಟದಲ್ಲಿ ಆಡುತ್ತಿದ್ದ ಇಂದುಲೇಖೆಗೆ ನೆರಳಿಲ್ಲದಿರುವುದನ್ನು ಜಕ್ಕವ್ವೆ ಕಂಡಳು. ಬರಬರುತ್ತಾ ಹುಡುಗಿಯ ಮೈ ಬೆಳದಿಂಗಳಿನಂತೆ ತೆಳುವಾಯಿತು. ಕೈಯನ್ನು ದೀಪಕ್ಕೆ ಹಿಡಿದರೆ ಕೈಯ ಮೂಲಕ ದೀಪ ಕಾಣುವುದು. “ಬಾಯಾರಿಕೆ ಜಕ್ಕವ್ವಾ, ಬಾಯಾರಿಕೆ” ಎನ್ನುವಳು. ಕೊಡಗಟ್ಟಲೆ ನೀರು ಕುಡಿದರೂ ದಾಹ ಇಂಗದು. ವೈದ್ಯರೆಲ್ಲ ಕೈಚೆಲ್ಲಿದ ಮೇಲೆ ಜಕ್ಕವ್ವೆ ಅರಸನ ಸಭೆಗೆ ಬಂದಳು.

“ಬುದ್ಧೀ, ಇಂಥ ದಾಹದ ಮಾತನ್ನು ನನ್ನ ತವರಿನಲ್ಲಿ ಕೇಳಿದ್ದೇನೆ. ಮೂರು ಪರನಾಡಿನವರು ಕೊಟ್ಟ ನೀರು ಒಂದೇ ಗಿಂಡಿಯಲ್ಲಿ ಕೂಡಬೇಕು, ಕೂಡಿ ಸಿಹಿಯಾಗಬೇಕು. ಒಲಿದು ಕೊಟ್ಟ ನೀರಾಗಬೇಕು. ಬೇರೆ ಮದ್ದಿಲ್ಲ.”

ಸಭೆಯೆಲ್ಲ ನಕ್ಕಿತು. ಕುಹಕಾಕ್ಷನು, “ಪರನಾಡಿನ ನೀರು ಸಿಹಿಯಾಗುವುದೇ? ಬೇವಿನ ಮರದಲ್ಲಿ ಮಾವು ಬಿಡುವುದೇ?” ಎಂದನು.

“ನಮ್ಮೂರ ನೀರು ಕಹಿಯಾಗಿರಲಿಲ್ಲ ಸ್ವಾಮಿ. ಕುಡಿದು ಬೆಳೆದವಳು ನಾನು.”

“ಮುದುಕಿ, ನಿನಗೆ ರುಚಿ ಮರೆತುಹೋಗಿದೆ.”

“ವಯಸ್ಸಾದರೆ ಹಲ್ಲು ಉದುರುತ್ತದೆ ಸ್ವಾಮಿ, ನಾಲಿಗೆ ಉದುರುವುದಿಲ್ಲ.”

ಮಗಳೆಂದರೆ ಅರಸನಿಗೆ ಪ್ರಾಣ. ಒಡನೆಯೇ ಸೇನೆಯನ್ನು ಕಳುಹಿಸಿ ಪರನಾಡಿನ ನೀರನ್ನು ಹಂಡೆಹಂಡೆಯಾಗಿ ತರಿಸಿದನು. ಹಂಡೆಹಂಡೆಯೂ ಕಹಿ. “ಒಲಿದು ಕೊಟ್ಟ ನೀರು ಎಂದರೆ ತುಂಬಿ ತಂದ ನೀರೆಂದು ತಿಳಿದರಲ್ಲ” ಎಂದು ಜಕ್ಕವ್ವೆ ತನ್ನಷ್ಟಕ್ಕೆ ಗೊಣಗಿದಳು.

ಆಗ ಮಣಿರಥನು ಎದ್ದು, “ಅಪ್ಪಾಜಿ, ನಾನೇ ಹೋಗಿ ಕೇಳಿ ತರುತ್ತೇನೆ” ಎಂದನು.

ಅರಸನು ತನ್ನ ಮುದ್ರೆಯುಂಗುರವನ್ನು ಮಗನ ಬೆರಳಿಗೆ ತೊಡಿಸಿ, “ಇದು ನಿನ್ನ ಕೈಯಲ್ಲಿರುವವರೆಗೆ ನಮ್ಮ ಸಿಂಹಗಳು ನಿನ್ನ ಮಾತು ಕೇಳುತ್ತವೆ” ಎಂದನು. ಇಂದುಲೇಖೆ ತನ್ನ ಕಾಲಿನ ಒಂದು ಗೆಜ್ಜೆಯನ್ನು ಬಿಚ್ಚಿಕೊಟ್ಟಳು.

“ಅಣ್ಣಾ, ಇದು ನನ್ನ ಉಸಿರಿನೊಡನೆ ನುಡಿಯುತ್ತದೆ. ನುಡಿಯುವುದು ನಿಂತರೆ, ಆಮೇಲೆ ನೀನು ಅವಸರಪಡಬೇಕಾಗಿಲ್ಲ. ನಿಧಾನವಾಗಿ ಬಾ.”

ಮಣಿರಥನು ಗೆಜ್ಜೆಯನ್ನು ಎದೆಗೆ ಕಟ್ಟಿಕೊಂಡು, ಬರಿಯ ಗಿಂಡಿಯನ್ನು ಹಿಡಿದು ಹೊರಟನು.

ಹೋಗುತ್ತ ಹೋಗುತ್ತ ನೂರ್ಗೆರೆ ಎಂಬ ನಾಡು ಬಂದಿತು. ಅಲ್ಲಿನ ಕೆರೆಗಳಲ್ಲಿ ಹಗಲಿನಲ್ಲಿಯೂ ನಕ್ಷತ್ರಗಳು ತೇಲುತ್ತಿದ್ದವು. ಊರಬಾಗಿಲ ಆಲದಡಿಯಲ್ಲಿ ಹರಿದ ಸೀರೆಯ ಹೆಂಗಸೊಬ್ಬಳು ಕುಳಿತಿದ್ದಳು. ಅವಳ ಮುಖಕ್ಕೆ ಮಸಿ ಮೆತ್ತಿತ್ತು, ಅಂಗಾಲು ಒಡೆದಿತ್ತು.

“ಬಂದೆಯಾ? ನಾನು ನಿನಗಿಂತ ಮೊದಲೇ ಬಂದೆ” ಎಂದಳು ಆಕೆ.

ಯಾರೋ ಬಡವಿಯೆಂದು ರಾಜಕುಮಾರನು ಮುಂದೆ ನಡೆದನು. ಬಾಗಿಲಲ್ಲಿ ಚಂದಬ್ಬೆಯೆಂಬ ಮುದುಕಿ ಅವನ ಅಂಗೈಗೆ ಬೆಲ್ಲವನ್ನಿಟ್ಟು, “ಯಾವ ನಾಡಿನವನಪ್ಪಾ ನೀನು?” ಎಂದಳು.

“ಸಿಂಹಗಿರಿಯವನು.”

ಚಂದಬ್ಬೆಯ ಮುಖ ಮುಚ್ಚಿದ ಕದದಂತಾಯಿತು. ನೀರು ಕೊಟ್ಟಳು. ಕುಡಿದರೆ ಬೇವು.

ಊರಬಾಗಿಲ ಪಕ್ಕದಲ್ಲಿಯೇ ಇದ್ದ ದೊಡ್ಡ ಕೆರೆಯ ತೂಬಿನ ಮೇಲೆ ಕಲ್ಲಿನ ಸಿಂಹವು ಕುಳಿತಿತ್ತು. ಹಿಂದೆ ಬರಗಾಲದಲ್ಲಿ ಸಿಂಹಗಿರಿಯವರೇ ಸ್ನೇಹದಿಂದ ಆ ಕೆರೆಯನ್ನು ತೋಡಿಸಿಕೊಟ್ಟಿದ್ದರು. ಆಮೇಲೆ ಸ್ನೇಹದ ನೆನಪು ಮಾಸದಿರಲೆಂದು ಸಿಂಹವನ್ನು ಕೂರಿಸಿದರು. ಸಿಂಹಗಿರಿಯ ಧ್ವಜಕ್ಕೆ ಕೈಮುಗಿದ ದಿನ ಅದು ತೂಬಿನಿಂದ ಕಾಲೆತ್ತುವುದು, ಮುಗಿಯದ ದಿನ ಎತ್ತದು.

ಮಣಿರಥನು ಉಂಗುರವನ್ನು ತೋರಿಸಿ, “ತೂಬು ಬಿಡು, ಒಳ್ಳೆಯ ನೀರು ಕೊಡು” ಎಂದು ಸಿಂಹಕ್ಕೆ ಆಜ್ಞಾಪಿಸಿದನು. ಸಿಂಹವು ಕಾಲೆತ್ತಿತು, ನೀರು ಧುಮ್ಮಿಕ್ಕಿತು, ಗಿಂಡಿ ತುಂಬಿತು. ಕುಡಿದು ನೋಡಿದರೆ ಮೊದಲಿಗಿಂತಲೂ ಕಹಿ.

“ನಿಮ್ಮ ನೆಲದ ನೀರೇ ಹೀಗೆ!” ಎಂದು ಅವನು ಉಗುಳಿದನು.

ಅಷ್ಟರಲ್ಲಿ ಯಾವುದೋ ಸಣ್ಣ ನಾಡಿನ ಬಳೆಗಾರನೊಬ್ಬನು ಅಲ್ಲಿಗೆ ಬಂದನು. ಬೆಲ್ಲ ತಿಂದು, ನಾಡಿನ ಹೆಸರು ಹೇಳಿ, ಮಣಿರಥನು ಕೆಳಗಿಟ್ಟ ಅದೇ ಗಿಂಡಿಯನ್ನೆತ್ತಿ ಗಟಗಟನೆ ಕುಡಿದನು.

“ಆಹಾ! ಎಳನೀರಪ್ಪ, ಎಳನೀರು! ಚಂದಬ್ಬೇ, ಇನ್ನೊಂದಿಷ್ಟು ಕೊಡು.”

ಮಣಿರಥನು ಗಿಂಡಿಯನ್ನು ಕಸಿದು ಮತ್ತೊಮ್ಮೆ ಕುಡಿದನು. ಬೇವು. ಬಳೆಗಾರನ ಕೈಗೆ ಕೊಟ್ಟನು. ಎಳನೀರು. ತಾನು ಹುಟ್ಟಿದಂದಿನಿಂದಲೂ ಸಿಂಹಗಿರಿಯವರು ಗಡಿ ದಾಟುವಾಗಲೆಲ್ಲ ಹೊತ್ತು ನಡೆದ ಬೆಳ್ಳಿಯ ಗಿಂಡಿಗಳೆಲ್ಲ ರಾಜಕುಮಾರನ ಕಣ್ಣಮುಂದೆ ಸಾಲಾಗಿ ತೇಲಿಹೋದವು.

“ಅಜ್ಜೀ, ಹಾಗಾದರೆ ಕಹಿಯಿರುವುದು ನೀರಿನಲ್ಲಲ್ಲವೆ?”

“ನೀರು ನೀರೇ ತಮ್ಮಾ. ಹೇಳುವ ನಾಡಿನ ಹೆಸರು ಯಾವುದೋ ಅದರ ರುಚಿ ಅದಕ್ಕೆ ಹತ್ತುತ್ತದೆ. ಇಷ್ಟು ದೊಡ್ಡ ನಾಡಿನವರು, ಇಷ್ಟು ಸಣ್ಣ ವಿಷಯ ನಿಮಗೆ ಯಾರೂ ಹೇಳಲಿಲ್ಲವೇ?”

“ನೀವೇಕೆ ಹೇಳಲಿಲ್ಲ?”

“ಕೇಳಿದ್ದು ಯಾರು?” ಎಂದಳು ಚಂದಬ್ಬೆ.

ಮಣಿರಥನು ಮತ್ತೆ ತೂಬಿನ ಬಳಿಗೆ ಹೋಗಿ, “ಸಿಂಹವೇ, ಏಳು” ಎಂದನು.

ಸಿಂಹವು ಬೆರಗಾಯಿತು. “ನನ್ನನ್ನು ಕೂರಿಸಿದವರುಂಟು, ಎಬ್ಬಿಸಿದವರಿಲ್ಲ. ಎದ್ದು ಎಲ್ಲಿಗೆ ಹೋಗಲಿ?”

“ನನ್ನ ಹಿಂದೆ ಬಾ.”

ಸಿಂಹವು ಮೈಮುರಿದು ಎದ್ದಿತು. ತೂಬಿನ ಕೀಲಿಕೋಲನ್ನು ರಾಜಕುಮಾರನು ಚಂದಬ್ಬೆಯ ಕೈಗಿತ್ತನು. ಆಕೆ ತಾನೇ ತೂಬೆತ್ತಿ ನೀರು ಹಿಡಿದು ಅವನ ಗಿಂಡಿಗೆ ಹೊಯ್ದಳು. ಕಹಿ ಹೋಗಿತ್ತು, ಆದರೆ ಸಿಹಿ ಬಂದಿರಲಿಲ್ಲ.

“ಸಿಹಿ ಅಷ್ಟು ಬೇಗ ಬರುವುದಿಲ್ಲ ತಮ್ಮಾ. ಇಂದು ಎದ್ದ ಸಿಂಹ ನಾಳೆ ಬಂದು ಕೂರುವುದಿಲ್ಲವೆಂದು ನಾನು ಹೇಗೆ ನಂಬಲಿ?”

ಸಿಂಹವು ತೂಬಿನಿಂದ ಎದ್ದ ಆ ಗಳಿಗೆಯಲ್ಲಿ ಸಿಂಹಗಿರಿಯ ಕನ್ನಡಿಯಲ್ಲಿ ಒಂದು ಬಿರುಕು ಮೂಡಿತು. ಬಿರುಕಿನಾಚೆಗೆ ಮಸಿ ಹತ್ತಿದ ಮುಖವೊಂದು ಇಣುಕಿತು. ಕುಹಕಾಕ್ಷನು ಬೆದರಿ ಇಂದುಲೇಖೆಯ ಮಂಚದ ಬಳಿಗೆ ಓಡಿದನು. ಕನ್ನಡಿಯೊಳಗಿನ ಬಿಳುಪೆಲ್ಲ ಆ ಹುಡುಗಿಯದೇ. ಸಿಂಹಗಿರಿಯ ಕೀರ್ತಿ ಹೊರನಾಡುಗಳಲ್ಲಿ ಕಪ್ಪಾದಂತೆಲ್ಲ ಅವನು ಅವಳ ನೆರಳನ್ನೂ ಕಾಂತಿಯನ್ನೂ ಕದ್ದು ಕನ್ನಡಿಗೆ ಬಳಿಯುತ್ತಿದ್ದನು. ಈಗ ಬಿರುಕು ಮುಚ್ಚಲು ಅವಳ ದನಿಯನ್ನು ಕದ್ದನು. ದೂರದಲ್ಲಿ ಮಣಿರಥನ ಎದೆಯ ಗೆಜ್ಜೆ ಕ್ಷೀಣವಾಯಿತು. ಕಾರಣ ತಿಳಿಯದೆ ಅವನು ಹೆಜ್ಜೆಯನ್ನು ಬಿರುಸುಗೊಳಿಸಿದನು.

ಆಮೇಲೆ ಜೇನುಮಲೆ ಬಂದಿತು. ಅಲ್ಲಿ ಜೇನುಹುಳುಗಳು ಹಾಡುತ್ತಿದ್ದವು. ಹಾಡು ಕೇಳಿದ ಹೂವು ಬಾಡುತ್ತಿರಲಿಲ್ಲ. ಬಾಗಿಲ ಮರದಡಿಯಲ್ಲಿ ಅದೇ ಮಸಿಮುಖದ ಹೆಂಗಸು, “ಇಲ್ಲಿಗೂ ನಾನೇ ಮೊದಲು” ಎಂದಳು.

ಸಿಂಹಗಿರಿಯೆಂದರೆ ಇಲ್ಲಿಯೂ ನೀರು ಕಹಿಯಾದೀತೆಂದು ಮಣಿರಥನು ಹೆದರಿದನು. ಬಾಗಿಲು ಕಾಯುತ್ತಿದ್ದ ಬೊಮ್ಮಣನು, “ಯಾವ ನಾಡಿನವನಯ್ಯಾ?” ಎಂದಾಗ, “ನೂರ್ಗೆರೆಯವನು” ಎಂದುಬಿಟ್ಟನು.

ಬೊಮ್ಮಣನು ನೀರು ಕೊಟ್ಟು, ಅದನ್ನು ಬಾಯಿಗಿಟ್ಟ ರಾಜಕುಮಾರನನ್ನು ನೋಡಿದನು. ಅವನ ಹಿಂದೆ ಬಾಲವಲ್ಲಾಡಿಸುತ್ತ ನಿಂತಿದ್ದ ಕಲ್ಲಿನ ಸಿಂಹವನ್ನು ನೋಡಿದನು. ಹೊಟ್ಟೆ ಹಿಡಿದುಕೊಂಡು ನಕ್ಕನು.

“ನೂರ್ಗೆರೆಯವರು ಈಚೆಗೆ ಬೆಕ್ಕು ಸಾಕಿದ್ದಾರೇನು? ಬೆಕ್ಕು ತುಸು ದೊಡ್ಡದಾಯಿತಲ್ಲಪ್ಪಾ!”

ಬಾಯಲ್ಲಿದ್ದ ನೀರು ಕಹಿಯಾಗಿ ಕೆಂಡದಂತೆ ಸುಟ್ಟಿತು. ಮಣಿರಥನು ನಾಚಿ ತಲೆತಗ್ಗಿಸಿದನು. “ತಪ್ಪಾಯಿತಣ್ಣಾ. ನಾನು ಸಿಂಹಗಿರಿಯ ಅರಸುಮಗ. ನನ್ನ ತಂಗಿ ಸಾಯುತ್ತಿದ್ದಾಳೆ. ನಮ್ಮವರು ನಿಮಗೆ ಮಾಡಿದ್ದೇನು, ಹೇಳು.”

ಬೊಮ್ಮಣನು ನಗೆ ನಿಲ್ಲಿಸಿ ಕಣಿವೆಯ ಕಡೆಗೆ ಕೈದೋರಿದನು. ಅಲ್ಲಿ ದಾರಿಗಡ್ಡವಾಗಿ ಇನ್ನೊಂದು ಸಿಂಹವು ಮಲಗಿತ್ತು. ಸಿಂಹಗಿರಿಯ ಅರಸನಿಗೆ ಸಿಟ್ಟು ಬಂದ ನಾಡುಗಳಿಗೆ ಜೇನು ಹೋಗದಂತೆ ತಡೆಯುವುದು ಅದರ ಕೆಲಸ.

“ಮೂಡಲ ಹಾಡಿಯವರ ಮಕ್ಕಳಿಗೆ ಕೆಮ್ಮು ಬಂದರೆ ನಮ್ಮ ಜೇನೇ ಮದ್ದು. ನಿಮ್ಮ ಅರಸನಿಗೂ ಅವರ ಅರಸನಿಗೂ ಜಗಳವಂತೆ. ಮಕ್ಕಳಿಗೂ ನಮ್ಮ ಜೇನಿಗೂ ಏನು ಜಗಳವಯ್ಯಾ?”

ಮಣಿರಥನು ಆ ಸಿಂಹವನ್ನೂ ಎಬ್ಬಿಸಿ ತನ್ನ ಹಿಂದೆ ಕರೆದುಕೊಂಡನು. ಮೊದಲ ಜೇನಿನ ಕೊಡಗಳು ಕಣಿವೆ ದಾಟಿದವು. ಬೊಮ್ಮಣನು ಕೊಟ್ಟ ನೀರಿನಲ್ಲಿ ಕಹಿಯಿರಲಿಲ್ಲ, ಸಿಹಿಯೂ ಇರಲಿಲ್ಲ. ಅತ್ತ ಕನ್ನಡಿ ಮತ್ತೆ ಬಿರಿಯಿತು. ಇತ್ತ ಗೆಜ್ಜೆ ಇನ್ನಷ್ಟು ಸಣ್ಣಗೆ ನುಡಿಯಿತು.

ಕಡಲ ಮೇಲೆ ಮಂಜಿನ ಸೇತುವೆಯೊಂದಿತ್ತು. ಅದನ್ನು ದಾಟಿ ಮಣಿರಥನು ಜಕ್ಕವ್ವೆಯ ತವರಾದ ಶಂಖದ್ವೀಪಕ್ಕೆ ಬಂದನು. ಮರದಡಿಯ ಹೆಂಗಸು ಇಲ್ಲಿ ಕುಳಿತಿರಲಿಲ್ಲ, ಮಲಗಿಬಿಟ್ಟಿದ್ದಳು. “ಇಲ್ಲಿ ನನಗೆ ಕುಳಿತುಕೊಳ್ಳಲೂ ಮುಖವಿಲ್ಲ” ಎಂದಳು.

ದ್ವೀಪದ ಅರ್ಧಭಾಗವೇ ಇರಲಿಲ್ಲ. ದಂಡೆಯಲ್ಲಿ ಒಂದು ಬರಿಯ ಕಲ್ಲುಪೀಠ. ಮಾಳಬ್ಬೆಯೆಂಬ ಹೆಂಗಸು ಅದನ್ನು ಸೆರಗಿನಿಂದ ಒರೆಸುತ್ತಿದ್ದಳು.

“ಯಾವ ನಾಡಿನವನು ಮಗಾ?”

“ಸಿಂಹಗಿರಿಯವನು ತಾಯಿ. ಇಲ್ಲಿ ಕುಳಿತ ಸಿಂಹ ಎಲ್ಲಿ? ಅದನ್ನೂ ಎಬ್ಬಿಸಿ ಕರೆದೊಯ್ಯುತ್ತೇನೆ.”

ಮಾಳಬ್ಬೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಇಲ್ಲಿ ಯಾವ ಸಿಂಹವೂ ಕುಳಿತಿಲ್ಲ. ‘ಮಹಾಮಕರವು ಕಡಲಿನಿಂದೆದ್ದರೆ ಶಂಖವೂದಿ, ನಮ್ಮ ಸಿಂಹ ಬರುತ್ತದೆ’ ಎಂದು ನಿಮ್ಮರಸ ರಾಣಿಯ ಮದುವೆಯಲ್ಲಿ ಮಾತು ಕೊಟ್ಟ. ನಾವು ಪೀಠ ಕಟ್ಟಿದೆವು. ಮಕರ ಬಂತು. ಉಸಿರು ಕಟ್ಟುವವರೆಗೆ ಶಂಖವೂದಿದೆವು. ನಿಮ್ಮವರಿಗೆ ಅಂದು ಬೇರೆಲ್ಲೋ ಕೆಲಸವಿತ್ತಂತೆ. ಅರ್ಧ ದ್ವೀಪ ಹೋಯಿತು. ನನ್ನ ಗಂಡನೂ ಹೋದ.”

ಮಣಿರಥನು ತನ್ನ ಹಿಂದಿದ್ದ ಸಿಂಹಗಳನ್ನು ತೋರಿಸಿ, “ಈಗ ಎರಡು ಸಿಂಹಗಳಿವೆ. ಎರಡನ್ನೂ ಇಲ್ಲಿಯೇ ಕೂರಿಸಲೇ?” ಎಂದನು.

“ಬೇಡಪ್ಪಾ! ಕಾಯಲು ಕುಳಿತವರು ಆಮೇಲೆ ಏನನ್ನು ಕಾಯುತ್ತಾರೆಂದು ನೂರ್ಗೆರೆಯವರಿಂದ ಕೇಳಿದ್ದೇವೆ.”

“ಮತ್ತೇನು ಬೇಕು ತಾಯಿ?”

“ಕರೆದರೆ ಬರಬೇಕು. ಕೆಲಸವಾದರೆ ಹೋಗಬೇಕು. ಇದೇನು ದೊಡ್ಡ ಮಾತೇ? ನೆರೆಮನೆಯವರು ಮಾಡುವುದಿಲ್ಲವೇ?”

ಮಣಿರಥನ ತಂಗಿಯ ಸುದ್ದಿ ಕೇಳಿ ಮಾಳಬ್ಬೆಗೆ ಮರುಕವಾಯಿತು. ಹುಡುಗಿ ತಮ್ಮ ರಾಣಿಯ ಮಗಳೆಂದು ಗಿಂಡಿಗೆ ನೀರು ಹೊಯ್ದಳು. ಮೂರು ನಾಡಿನ ನೀರೂ ಕೂಡಿತು, ಸಿಹಿಯಾಗಲಿಲ್ಲ. ಗೆಜ್ಜೆಯ ನುಡಿ ಒಣಗಿದ ಎಲೆಯ ಸದ್ದಿನಷ್ಟಾಗಿತ್ತು. ಇದ್ದುದನ್ನಾದರೂ ತಂಗಿಗೆ ಮುಟ್ಟಿಸೋಣವೆಂದು ಅವನು ಸಿಂಹದ ಬೆನ್ನೇರಿ ಮಂಜಿನ ಸೇತುವೆಯ ನಡುವಿಗೆ ಬಂದನು.

ಆಗ ಹಿಂದಿನಿಂದ ಶಂಖವು ಮೊಳಗಿತು.

ತಿರುಗಿ ನೋಡಿದರೆ ಕಡಲು ಗುಡ್ಡದಂತೆ ಉಬ್ಬಿ ಮಹಾಮಕರವು ಬಾಯಿ ತೆರೆದು ಏಳುತ್ತಿತ್ತು. ಮುಂದೆ ತಂಗಿ, ಹಿಂದೆ ಶಂಖ. ಗೆಜ್ಜೆ ಒಮ್ಮೆ ನುಡಿದು ನಿಂತು, ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ ನುಡಿಯಿತು. ಮಣಿರಥನು ಕಣ್ಣು ಮುಚ್ಚಿದನು. “ತಂಗೀ, ನಮ್ಮಪ್ಪನಿಗೂ ಅಂದು ಬೇರೆ ಕೆಲಸವಿತ್ತು” ಎಂದು ಪಿಸುಗುಟ್ಟಿ, ಸಿಂಹಗಳನ್ನು ಹಿಂದಕ್ಕೆ ತಿರುಗಿಸಿದನು.

ಮೊದಲ ಸಿಂಹವು ದಂಡೆಯ ಬಲಕ್ಕೂ ಎರಡನೆಯದು ಎಡಕ್ಕೂ ನಿಂತವು. ಮಕರವು ಬಲದ ಸಿಂಹವನ್ನು ಕಚ್ಚಿತು. ಮೇಲಿನ ಹಲ್ಲುಗಳು ಕುಂಬಳದ ಬೀಜದಂತೆ ಉದುರಿದವು. ಎಡದ ಸಿಂಹವನ್ನು ಕಚ್ಚಿತು. ಕೆಳಗಿನ ಹಲ್ಲುಗಳೂ ಉದುರಿದವು. ನಡುವೆ ಮಣಿರಥನು ಮಾಳಬ್ಬೆಯ ಕೈಯಿಂದ ಶಂಖವನ್ನು ತೆಗೆದುಕೊಂಡು ಊದಿದಾಗ ಎರಡು ಸಿಂಹಗಳೂ ಒಮ್ಮೆಲೇ ಗರ್ಜಿಸಿದವು. ಮಕರವು ಬೊಚ್ಚುಬಾಯಿಯನ್ನು ಮುಚ್ಚಿಕೊಂಡು ಕಡಲಿನ ತಳಕ್ಕಿಳಿಯಿತು. ಮತ್ತೆಂದೂ ಏಳಲಿಲ್ಲ.

ಜನರು ಕುಣಿದರು. ಅಷ್ಟರಲ್ಲಿ ಮೊದಲ ಸಿಂಹವು ಆಕಳಿಸಿ, ಹಳೆಯ ಅಭ್ಯಾಸದಿಂದ, ಬರಿದಾಗಿದ್ದ ಪೀಠದ ಮೇಲೆ ಹೋಗಿ ಕುಳಿತುಬಿಟ್ಟಿತು.

ಕುಣಿತ ನಿಂತಿತು. ಅಲೆಯೂ ಸದ್ದಿಲ್ಲದೆ ಬಂದು ಹೋಯಿತು. ಎಲ್ಲರೂ ರಾಜಕುಮಾರನ ಬೆರಳಿನ ಉಂಗುರವನ್ನೇ ನೋಡುತ್ತಿದ್ದರು.

“ಏಳು, ಕೆಲಸವಾಯಿತು. ಹೋಗೋಣ” ಎಂದನು ಮಣಿರಥ.

“ಪೀಠ ಚೆನ್ನಾಗಿದೆಯಲ್ಲ?” ಎಂದಿತು ಸಿಂಹ.

“ಚೆನ್ನಾಗಿದೆ. ನಮ್ಮದಲ್ಲ.”

ಸಿಂಹವು ಎದ್ದು ಇಳಿಯಿತು. ದ್ವೀಪದವರೆಲ್ಲ ಬಿಟ್ಟ ನಿಟ್ಟುಸಿರು ತಂಗಾಳಿಯಾಗಿ ಕಡಲ ಮೇಲೆ ಸಾಗಿತು. ಜೇನುಮಲೆಯ ಬೊಮ್ಮಣನಿಗೂ ನೂರ್ಗೆರೆಯ ಚಂದಬ್ಬೆಗೂ ಅದು ತಾಗಿತು. ಗಿಂಡಿಯೊಳಗಿನ ನೀರು ಒಮ್ಮೆ ಮಿನುಗಿತು. ಮಾಳಬ್ಬೆ ಒಂದು ಹನಿಯನ್ನು ರಾಜಕುಮಾರನ ನಾಲಿಗೆಗೆ ಬಿಟ್ಟಳು. ಹುಟ್ಟಿದಂದಿನಿಂದ ಅವನು ಅಂಥ ಸಿಹಿನೀರನ್ನು ಕುಡಿದಿರಲಿಲ್ಲ.

“ಓಡು ಮಗಾ, ಇನ್ನು ನಿಲ್ಲಬೇಡ” ಎಂದಳು ಆಕೆ.

ಕಲ್ಲಿನ ಸಿಂಹಗಳು ಗಾಳಿಯಾಗಿ ಓಡಿದವು. ಅವುಗಳಿಗಿಂತ ಮುಂದೆ ಮರದಡಿಯ ಹೆಂಗಸು ಬರಿಗಾಲಿನಲ್ಲಿ ಓಡುತ್ತಿದ್ದಳು. ಸಿಂಹಗಿರಿಯ ಹೆಬ್ಬಾಗಿಲಲ್ಲಿ ಗೆಜ್ಜೆಯ ನುಡಿ ನಿಂತುಹೋಯಿತು.

ಮಂಚದ ಮೇಲೆ ಇಂದುಲೇಖೆ ಕಾಣುತ್ತಿರಲಿಲ್ಲ. ದಿಂಬಿನಲ್ಲಿ ತಲೆಯ ಕುಳಿಯೊಂದು ಮಾತ್ರ ಕಾಣುತ್ತಿತ್ತು. ಅದರ ಬಳಿ ಅರಸನೂ ಜಕ್ಕವ್ವೆಯೂ ಕುಳಿತಿದ್ದರು. ಕುಹಕಾಕ್ಷನು ಅಡ್ಡಬಂದು ಕೂಗಿದನು.

“ಪ್ರಭು, ನಿಮ್ಮ ಸಿಂಹಗಳನ್ನೆಲ್ಲ ಎಬ್ಬಿಸಿ ನಿಮ್ಮ ಕೀರ್ತಿಯನ್ನು ಹಾಳುಮಾಡಿದ ಮಗನಿವನು! ಅವನ ಕೈಯಲ್ಲಿರುವುದು ಪರನಾಡಿನ ಕಹಿ. ವಿಷ!”

“ಅಪ್ಪಾಜಿ, ನೀವೇ ಕುಡಿದು ನೋಡಿ” ಎಂದನು ಮಣಿರಥ.

ಅರಸನು ಒಂದು ಹನಿಯನ್ನು ನಾಲಿಗೆಗಿಟ್ಟುಕೊಂಡನು. ಅವನ ಮುಖದಲ್ಲಿ ಮದುವೆಯ ದಿನದ ನೆನಪೊಂದು ಮೂಡಿತು. ಅಂದು ಶಂಖದ್ವೀಪದವರು ಅವನ ಅಂಗೈಗೆ ಹೊಯ್ದ ನೀರು ಹೀಗೆಯೇ ಇತ್ತು. ಆಗ ಅವನು ಮಾತು ಕೊಟ್ಟಿದ್ದನು, ಇನ್ನೂ ತಪ್ಪಿರಲಿಲ್ಲ.

“ಸಿಹಿ” ಎಂದನು ಅರಸ. ಅವನ ಕಣ್ಣು ತುಂಬಿತು. “ಹಾಕು ಮಗನೇ, ಬೇಗ.”

ದಿಂಬಿನ ಕುಳಿಯ ಮೇಲೆ ನೀರು ಬಿದ್ದಿತು. ಮೊದಲು ತುಟಿ ಕಂಡಿತು, ಆಮೇಲೆ ಕಣ್ಣು, ಆಮೇಲೆ ಎರಡು ಜಡೆ. ಗೆಜ್ಜೆ ಘಲ್ಲೆಂದಿತು. ಹುಡುಗಿ ದನಿಯಿಲ್ಲದೆ ಎದ್ದು, ಅಣ್ಣನ ಕೈಯಿಂದ ಗಿಂಡಿಯನ್ನು ತೆಗೆದುಕೊಂಡು ನಡುಸಾಲೆಗೆ ನಡೆದಳು. ತನ್ನ ಬಿಳುಪನ್ನು ಯಾರು ಒಯ್ದರೆಂದು ಅವಳಿಗೆ ಗೊತ್ತಿತ್ತು. ಉಳಿದ ನೀರನ್ನು ಕನ್ನಡಿಗೆ ಎರಚಿದಳು.

ಬಿಳುಪು ಸುಣ್ಣದಂತೆ ಇಳಿಯಿತು. ಅವಳ ನೆರಳು ಬಂದು ಕಾಲಿಗೆ ಹತ್ತಿಕೊಂಡಿತು, ದನಿ ಬಂದು ಕೊರಳಿಗೆ ಸೇರಿತು. ಕನ್ನಡಿಯಲ್ಲಿದ್ದ ಭಕ್ತಿಯ ಮುಖಗಳೆಲ್ಲ ಅಂಜಿದ ಮುಖಗಳಾದವು. ಅವುಗಳ ನಡುವೆ ಹರಿದ ಸೀರೆಯ, ಮಸಿಮುಖದ ಹೆಂಗಸು ನಿಂತಿದ್ದಳು. ಕುಹಕಾಕ್ಷನ ಮೈಯೆಲ್ಲ ಕನ್ನಡಿಯ ಪಾದರಸದಿಂದಾದುದು. ಅವನು ಹನಿಹನಿಯಾಗಿ ನೆಲಕ್ಕೆ ಹರಿದು, ಬಿರುಕುಗಳಲ್ಲಿಳಿದು ಇಲ್ಲವಾದನು.

ಹೆಂಗಸು ಕನ್ನಡಿಯ ಚೌಕಟ್ಟನ್ನು ದಾಟಿ ಹೊರಬಂದಳು.

“ಯಾರಮ್ಮಾ ನೀನು?” ಎಂದನು ಅರಸ.

“ನಿನ್ನ ಕೀರ್ತಿ. ನೀನು ಕನ್ನಡಿ ನೋಡುತ್ತಿದ್ದೆ, ನಾನು ದಾರಿ ನಡೆಯುತ್ತಿದ್ದೆ. ನೀನು ಅಲ್ಲಿ ಮಾಡಿದ್ದನ್ನೇ ನಾನು ಉಟ್ಟೆ.”

ಅರಸನು ಜಕ್ಕವ್ವೆ ತಂದ ಬಿಸಿನೀರಿನಿಂದ ತಾನೇ ಬಗ್ಗಿ ಅವಳ ಕಾಲು ತೊಳೆದನು. ಒಡೆದ ಅಂಗಾಲಿಗೆ ಎಣ್ಣೆ ಹಚ್ಚುವಾಗ, “ನೋಯುತ್ತದೆಯೇ?” ಎಂದನು.

“ನೋಯುತ್ತದೆ. ಆದರೆ ಇವತ್ತು ನಡೆಯಬಲ್ಲೆ” ಎಂದಳು ಅವಳು.

ಎಲ್ಲ ನಾಡುಗಳಿಂದಲೂ ಸಿಂಹಗಳು ಮನೆಗೆ ಮರಳಿದವು. ಶಂಖ ಕೇಳಿದರೆ ಏಳುವುದನ್ನೂ, ಕೆಲಸವಾದರೆ ಬರುವುದನ್ನೂ ಮಣಿರಥನು ಅವುಗಳಿಗೆ ಕಲಿಸಿದನು. ಕೀರ್ತಿಯ ಮುಖದ ಮಸಿ ಒಂದೇ ದಿನದಲ್ಲಿ ಹೋಗಲಿಲ್ಲ. ಸಿಂಹಗಿರಿಯ ವರ್ತಕರಿಗೆ ಕೆಲವೆಡೆ ನೀರು ಬಹುಕಾಲ ಸಪ್ಪೆಯಾಗಿಯೇ ಇತ್ತು. ಅವರು ಮುಖ ಕಿವುಚದೆ ಅದನ್ನೇ ಕುಡಿದರು. ಬೆಳ್ಳಿಯ ಗಿಂಡಿಗಳಲ್ಲಿ ಇಂದುಲೇಖೆ ಮಲ್ಲಿಗೆಯ ಬಳ್ಳಿಗಳನ್ನು ನೆಟ್ಟಳು. ಕೋಟೆಯ ಹೆಬ್ಬಾಗಿಲಲ್ಲಿ ಬೆಲ್ಲದ ತಟ್ಟೆಯನ್ನೂ ನೀರಿನ ಕೊಡವನ್ನೂ ಇಟ್ಟುಕೊಂಡು ಜಕ್ಕವ್ವೆ ಕುಳಿತಳು.

ಒಂದು ಮಾಗಿಯ ಬೆಳಿಗ್ಗೆ ಮುದುಕಿಯೊಬ್ಬಳು ಕೋಲೂರಿಕೊಂಡು ಆ ಬಾಗಿಲಿಗೆ ಬಂದಳು. ಮಣಿರಥನು ತಾನೇ ಎದ್ದು ಅವಳ ಅಂಗೈಗೆ ಬೆಲ್ಲವನ್ನಿಟ್ಟನು.

“ಯಾವ ನಾಡಿನವರಜ್ಜೀ?”

“ಗೊತ್ತಿಲ್ಲದವನ ಹಾಗೆ ಕೇಳುತ್ತೀಯಲ್ಲ ತಮ್ಮಾ! ನೂರ್ಗೆರೆಯ ಚಂದಬ್ಬೆ.” ಅವಳು ನೀರು ಕುಡಿದು ಬಾಯೊರೆಸಿಕೊಂಡಳು. “ಪರವಾಗಿಲ್ಲ. ನಮ್ಮಷ್ಟಿಲ್ಲ, ಆದರೂ ಸಿಹಿಯಾಗಿದೆ.”

ಅಂದಿನಿಂದ ಆ ನಾಡುಗಳವರೆಲ್ಲ ಒಬ್ಬರ ನೀರನ್ನೊಬ್ಬರು ಕುಡಿಯುತ್ತ ಸುಖವಾಗಿದ್ದರು. ಈ ಕತೆ ಕೇಳಿದವರ ಹೊಸಿಲಿಗೂ ದೂರದವರು ಬಾಯಾರಿ ಬರಲಿ, ಬಂದವರ ಬಾಯಿ ಸಿಹಿಯಾಗಿಯೇ ಮರಳಲಿ.